ಏನೂ ಇಲ್ಲದ ರಾಜಧಾನಿ ತೋರಿಸಿದ ಪೊರ್ಬುಗಳು

ಪಿರಮಿಡ್ ನೋಡದೆ ಈಜಿಪ್ಟಿನಿಂದ ಹಿಂದಿರುಗಲು ನನಗೆ ನೂರ ಅರವತ್ತು ದಿನಾರು ಖರ್ಚಾಯಿತು. ನೋಡಿದ್ದರೂ ಅಷ್ಟೇ ಆಗುತ್ತಿತ್ತು. ನೋಡದಿರಲು ಕಾರಣ ಫೆಲಿಕ್ಸ್ ಪೊರ್ಬುಗಳು. ಕ್ರೈಸ್ತ ಹಿರಿಯರನ್ನು ಪೊರ್ಬುಗಳೇ ಎಂದು ಕರೆಯುವುದು ನಮ್ಮ ಕರಾವಳಿಯ ರೂಢಿ. ಅವರಿಗೆ ನಾನು ಶೆಟ್ರು.

ಕೊಲ್ಲಿ ದೇಶದ ಮನಾಮಾ ಪಟ್ಟಣದಲ್ಲಿ, ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕೊಂದರಲ್ಲಿ ಅವರ ಕೆಲಸ, ಹತ್ತಿರದ ಅರಾದ್‌ನಲ್ಲಿ ಬಾಡಿಗೆ ಮನೆ. ರಜೆ ಸಿಕ್ಕರೆ ಉಳಿದವರು ಊರಿಗೆ ಓಡುತ್ತಿದ್ದರು. ಇವರು ಈಜಿಪ್ಟಿಗೆ ಹೋಗಿ, ಯಾರೂ ಹೆಸರು ಕೇಳದ ಹಾಳು ಪಟ್ಟಣಗಳನ್ನು ನೋಡಿ ಬರುತ್ತಿದ್ದರು. ಹಾಲ್‌ನಲ್ಲಿ ಯೇಸುವಿನ ಪಟದ ಪಕ್ಕ ಕಟ್ಟುಹಾಕಿಸಿದ ಫೋಟೋಗಳು: ಬೋಳು ನೆಲ, ಮಣ್ಣಿನ ದಿಬ್ಬ, ಮುರಿದ ಕಲ್ಲು, ಒಂದು ಕತ್ತೆ. ಮೊದಲ ಸಲ ಹೋದವರೆಲ್ಲ ಕೇಳುತ್ತಿದ್ದದ್ದು ಒಂದೇ: "ಜಾಗ ತೆಗೊಂಡ್ರಾ ಪೊರ್ಬುಗಳೇ? ಎಷ್ಟು ಸೆಂಟ್ಸ್?" ಬಾವಿ ಉಂಟಾ, ಲಾರಿ ಹೋಗ್ತದಾ ಎಂದು ನಾನೂ ವಿಚಾರಿಸಿದ್ದೆ.

"ಜಾಗ ಅಲ್ಲ ಮಾರಾಯ್ರೆ, ರಾಜಧಾನಿ. ಪಿರಮಿಡ್ ಸತ್ತವರದ್ದು. ಅದನ್ನು ಕಟ್ಟಿದ ದೇಶದವರು ಎಲ್ಲಿ ಗಂಜಿ ಉಂಡ್ರು, ಎಲ್ಲಿ ಹೆಂಡತಿ ಹತ್ರ ಬೈಸಿಕೊಂಡ್ರು, ಅದು ನೋಡ್ಬೇಕು."

"ಬೈಸಿಕೊಳ್ಳಲಿಕ್ಕೆ ವಿಮಾನ ಯಾಕೆ, ಇಲ್ಲಿ ಬನ್ನಿ" ಎಂದು ಒಳಗಿನಿಂದ ಅವರ ಹೆಂಡತಿ ಐರಿನ್ ಬಾಯಿ ಕೂಗುತ್ತಿದ್ದರು. ಅವರು ಒಂದು ಸಲ ಜೊತೆಗೆ ಹೋಗಿ, ಕಾರಿನಿಂದ ಇಳಿಯದೆ ಮರಳಿದವರು.

ನಿವೃತ್ತಿ ಬಂತು. ವೀಸಾ ಮುಗಿಯುವ ಮೊದಲು ಒಬ್ಬನಿಗಾದರೂ ತಮ್ಮ ಊರುಗಳನ್ನು ತೋರಿಸಬೇಕೆಂದು ಅವರಿಗೆ ಹಟ. ಕೇಳಿದವರಿಗೆಲ್ಲ ಏಕಾಏಕಿ ಸೊಂಟನೋವು ಶುರುವಾಯಿತು. ಮನಾಮಾದಲ್ಲಿ ಪರದೆ ಬಟ್ಟೆ ಮಾರುವ ನಾನು ಒಪ್ಪಿದೆ. ಸಮಯ ಉಳಿದರೆ ಕೊನೆಗೆ ಪಿರಮಿಡ್ ಎಂದು ಅವರು ಮಾತು ಕೊಟ್ಟಿದ್ದರು.

ಕೈರೋದ ಟ್ಯಾಕ್ಸಿಯವನು ನಾವು ಹೋಗುವ ಜಾಗ ಕೇಳಿ ಗಾಬರಿಯಾದ. "ಅಲ್ಲಿ ಏನೂ ಇಲ್ಲ. ಪಿರಮಿಡ್‌ಗೆ ಬನ್ನಿ" ಎಂದ. "ಏನೂ ಇಲ್ಲದ ಜಾಗಕ್ಕೆ ಇಷ್ಟು ಬಾಡಿಗೆಯಾ?" ಎಂದು ಅಂಗಡಿಬೀದಿಯಲ್ಲಿ ಕಲಿತ ನನ್ನ ಅರಬ್ಬಿಯಲ್ಲಿ ಅವನನ್ನು ಹಿಡಿದೆ. ಅರ್ಧಕ್ಕೆ ಇಳಿದ.

ಮೊದಲು ತಾನಿಸ್ ಎಂಬ ಹಳೆಯ ರಾಜಧಾನಿ. ಉದ್ದುದ್ದ ಕಲ್ಲುಕಂಬಗಳೆಲ್ಲ ನೆಲಕ್ಕೊರಗಿದ್ದವು. "ಬಿದ್ದದ್ದೇ ಒಳ್ಳೆದು, ಕುತ್ತಿಗೆ ನೋಯುವುದಿಲ್ಲ" ಎಂದು ಪೊರ್ಬುಗಳು ಕುಕ್ಕರಗಾಲಿನಲ್ಲಿ ಕೂತು ಅವುಗಳ ಮೇಲೆ ಕೆತ್ತಿದ ಹಕ್ಕಿ, ಹಾವುಗಳನ್ನು ಬೆರಳಿನಿಂದ ಸವರಿದರು. ಇದಕ್ಕಾದರೂ ಕಲ್ಲಿತ್ತು. ಆಮೇಲೆ ಅದಕ್ಕಿಂತ ಹಳೆಯ ರಾಜಧಾನಿ ಅವಾರಿಸ್. ಅಲ್ಲಿ ಇದ್ದದ್ದು ಹಸಿರು ಮೇವಿನ ಹೊಲ, ಒಂದು ಎಮ್ಮೆ, ಅದರ ಬೆನ್ನ ಮೇಲೊಂದು ಬೆಳ್ಳಕ್ಕಿ.

ಪೊರ್ಬುಗಳು ಟೋಪಿ ತೆಗೆದರು. "ಇಲ್ಲಿ ಹಡಗಿನ ಬಂದರು, ಶೆಟ್ರೇ. ನಮ್ಮ ಮಂಗಳೂರು ಧಕ್ಕೆಯ ಹಾಗೆ ಗಲಾಟೆ. ಅಗೋ ಆ ಎಮ್ಮೆ ಉಂಟಲ್ಲ, ಅಲ್ಲಿ ಅರಮನೆ. ಗೋಡೆಗೆಲ್ಲ ಚಿತ್ರ." ಕೈ ಬೀಸಿ ಬೀಸಿ ಬೀದಿ ಹಾಕಿದರು, ಮನೆ ಕಟ್ಟಿದರು, ಹಡಗು ನಿಲ್ಲಿಸಿದರು. ಎಮ್ಮೆ ಅರಮನೆಯಿಂದ ಹೊರಟು ಬಂದರಿನಲ್ಲಿ ಸಗಣಿ ಹಾಕಿತು. ಆಮೇಲೆ ಅವರು ನನ್ನ ಮುಖವನ್ನೇ ನೋಡುತ್ತ ಕೇಳಿದರು, "ಕಾಣ್ತದಾ?"

ವ್ಯಾಪಾರದಲ್ಲಿ ಇಲ್ಲ ಎನ್ನುವುದು ನನ್ನ ಅಭ್ಯಾಸವಲ್ಲ, ಪೂರ್ತಿ ಒಪ್ಪುವುದೂ ಅಲ್ಲ. "ಅರ್ಧ ಕಾಣ್ತದೆ ಪೊರ್ಬುಗಳೇ" ಎಂದೆ.

ಅವರ ಕಣ್ಣು ತುಂಬಿತು. "ಅರ್ಧ ಸಾಕು ಮಾರಾಯ್ರೆ. ಐರಿನ್‌ಗೆ ಎಮ್ಮೆಯೂ ಕಾಣ್ಲಿಲ್ಲ."

ಪಿರಮಿಡ್‌ಗೆ ಸಮಯ ಉಳಿಯಲಿಲ್ಲ. ಉಳಿಯದಂತೆ ಅವರು ನೋಡಿಕೊಂಡರು. ತಿಂಗಳೊಳಗೆ ಗಂಡಹೆಂಡತಿ ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ಅವರ ಲಗೇಜಿನ ಅರ್ಧ ಭಾರ ಆ ಬೋಳು ನೆಲಗಳದ್ದೇ.

ಮೊನ್ನೆ ಹೆಂಡತಿಯೊಂದಿಗೆ ಅರಾದ್ ಕಡೆ ಹೋದಾಗ ಅವರಿದ್ದ ಕಟ್ಟಡವೇ ಇರಲಿಲ್ಲ. ಕೆಡವಿ ಸಪಾಟು ಮಾಡಿದ್ದರು. ಕಾರು ನಿಲ್ಲಿಸಿ ಇಳಿದೆ. "ಇಲ್ಲಿ ಹಾಲ್ ಇತ್ತು. ಅಲ್ಲಿ ಫೋಟೋಗಳ ಗೋಡೆ. ಐರಿನ್ ಬಾಯಿ ಬೈಯುತ್ತಿದ್ದದ್ದು ಆ ಮೂಲೆಯಿಂದ. ಕಾಣ್ತದಾ?"

"ಬಿಸಿಲು ಕಾಣ್ತದೆ. ಕಾರಿಗೆ ಬನ್ನಿ" ಎಂದಳು.

ನೀವು ಆ ರಾಜಧಾನಿಗಳಿಗೆ ಹೋಗುವುದಾದರೆ ಕೇಳಿ. ಟ್ಯಾಕ್ಸಿಯನ್ನು ಇಡೀ ದಿನಕ್ಕೆ ಗೊತ್ತುಮಾಡಿ, ಹತ್ತುವ ಮೊದಲೇ ಬಾಡಿಗೆಯ ಮಾತು ಮುಗಿಸಿಕೊಳ್ಳಿ. ನೀರು, ಟೋಪಿ ಮರೆಯಬೇಡಿ. ಒಬ್ಬರೇ ಹೋಗಬೇಡಿ, ತೋರಿಸುವವರು ಇಲ್ಲದಿದ್ದರೆ ಅದು ಬರೀ ಎಮ್ಮೆ ಮೇಯುವ ಹೊಲ. ಅವರು ಕಾಣ್ತದಾ ಎಂದು ಕೇಳಿದಾಗ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಅರ್ಧಕ್ಕಿಂತ ಕೆಳಗೆ ಮಾತ್ರ ಇಳಿಯಬೇಡಿ.