ಎರಡನೇ ಸಲ ಮುಟ್ಟದ ಹೆಸರು

ಬಿಡದಿಯ ಸುತ್ತ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ. ಕಾರಿನ ಬಿಡಿಭಾಗ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ಕೆಲಸ ನನ್ನದು. ರಾಮನಗರದಿಂದ ಬೆಳಗಿನ ರೈಲಿಗೆ ಹೋಗುತ್ತಿದ್ದೆ. ಕೆಲವು ವರ್ಷ ಕಳೆದ ಮೇಲೆ ನನ್ನ ಕೈಗೊಂದು ಟ್ಯಾಬ್ಲೆಟ್ ಬಂತು. ಅದನ್ನು ಹಿಡಿದು ಓಡಾಡಲು ಒಳಗೊಳಗೇ ಜಂಬ.

ಪರದೆಯ ಎಡಗಡೆ ಕೆಲಸ ಕೇಳಿ ಬಂದವರ ಹೆಸರಿನ ಪಟ್ಟಿ. ಒಂದು ಹೆಸರು ಮುಟ್ಟಿದರೆ ಬಲಗಡೆ ಅವರ ವಿವರ: ಓದು, ಎತ್ತರ, ತೂಕ, ಡಾಕ್ಟರು ಬರೆದ ಕಣ್ಣಿನ ವರದಿ. ಕೆಲವು ಸಲ ಎಡಗಡೆ ಹೊಸ ಹೆಸರು ನೀಲಿಯಾಗುತ್ತಿತ್ತು, ಬಲಗಡೆ ಮಾತ್ರ ಹಿಂದಿನವರ ವಿವರವೇ ನಿಂತಿರುತ್ತಿತ್ತು. ಬಲಗಡೆ ಹೆಸರು ಕಾಣುತ್ತಿರಲಿಲ್ಲವಾದ್ದರಿಂದ ಗೊತ್ತೂ ಆಗುತ್ತಿರಲಿಲ್ಲ. ಇನ್ನೊಂದು ಸಲ ಮುಟ್ಟಿದರೆ ಸರಿಹೋಗುತ್ತಿತ್ತು. ಇದನ್ನು ನಾನು ಮೊದಲ ವಾರವೇ ಕಂಡುಕೊಂಡು, ಪ್ರತಿ ಹೆಸರನ್ನೂ ಎರಡೆರಡು ಸಲ ಮುಟ್ಟುವ ರೂಢಿ ಮಾಡಿಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.

ಒಂದು ಸೋಮವಾರ ಸಾತನೂರಿನ ಕಡೆಯ ಹುಡುಗಿಯೊಬ್ಬಳು ಬಂದಳು. ಇಪ್ಪತ್ತರ ಆಸುಪಾಸು; ಎರಡು ಬಸ್ಸು ಬದಲಿಸಿ ಬಂದಿದ್ದಳು. ಹೊರಗೆ ಸಾಲು ಉದ್ದವಿತ್ತು, ಮ್ಯಾನೇಜರು ಆಗಲೇ ಎರಡು ಸಲ ಇಣುಕಿ ಹೋಗಿದ್ದರು. ನಾನು ಅವಳ ಹೆಸರನ್ನು ಒಂದೇ ಸಲ ಮುಟ್ಟಿದೆ.

"ಕಣ್ಣು ಸರಿಯಿಲ್ಲಮ್ಮ. ಜೋಡಣೆ ಕೆಲಸಕ್ಕೆ ಆಗಲ್ಲ," ಎಂದೆ.

"ನಂಗಾ? ನನ್ ಕಣ್ಣು ಚೆಂದಾಗ್ ಐತೆ ಮೇಡಂ. ಡಾಕ್ಟ್ರು ತೋರ್ಸಿದ್ನೆಲ್ಲಾ ಓದ್ಬುಟ್ಟೆ. ಒಸಿ ಇನ್ನೊಂದ್ಸಲ ನೋಡಿ."

ನೋಡಲಿಲ್ಲ. "ಇದರಲ್ಲೇ ಬಂದಿದೆಯಲ್ಲ, ಇದು ಸುಳ್ಳು ಹೇಳುತ್ತಾ?" ಎಂದು ಮುಂದಿನವರನ್ನು ಕರೆದೆ.

ಸಂಜೆ ಪಟ್ಟಿಯನ್ನು ಮುದ್ರಿಸಿ ಫೈಲಿಗೆ ಹಾಕುವಾಗ ಅವಳ ಹೆಸರಿನ ಮುಂದೆ ಎರಡೂ ಕಣ್ಣು ಸರಿ ಎಂದಿತ್ತು. ದೋಷವಿದ್ದದ್ದು ಅವಳಿಗಿಂತ ಮುಂಚೆ ಬಂದು ಹೋದವನಿಗೆ. ಅಷ್ಟರಲ್ಲಿ ಬೇಕಿದ್ದವರೆಲ್ಲ ಭರ್ತಿಯಾಗಿದ್ದರು. ಹಾಳೆಯನ್ನು ಫೈಲಿಗೆ ಸೇರಿಸಿ ರೈಲು ಹಿಡಿದೆ.

ಒಂದೂವರೆ ತಿಂಗಳು ಸುಮ್ಮನಿದ್ದೆ. ಮನೆಯಲ್ಲಿ ಅಕ್ಕಿ ಆರಿಸಲು ಕೂತರೆ 'ಒಸಿ ಇನ್ನೊಂದ್ಸಲ' ಎಂದ ಆ ಧ್ವನಿ ಕೇಳುತ್ತಿತ್ತು. ಕಡೆಗೊಂದು ಭಾನುವಾರ ಅರ್ಜಿಯಲ್ಲಿದ್ದ ವಿಳಾಸ ಬರೆದುಕೊಂಡು ಸಾತನೂರಿನ ಬಸ್ಸು ಹತ್ತಿದೆ.

ಅವರ ಮನೆಯಲ್ಲಿ ಅಂದು ರೇಷ್ಮೆಹುಳು ಹಣ್ಣಾಗಿದ್ದವು. ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ತಾಯಿಯೊಬ್ಬರೇ ತಟ್ಟೆಯ ಮೇಲೆ ಬಗ್ಗಿ ಆರಿಸುತ್ತಿದ್ದರು. ಮಗಳು ಹೊರಗೆ ಅಂಗಳ ಗುಡಿಸುತ್ತಿದ್ದಳು.

"ಒಬ್ಬರೇ ಮಾಡ್ತಿದ್ದೀರಲ್ಲಾ?" ಎಂದೆ, ಏನು ಮಾತಾಡಬೇಕೋ ತೋಚದೆ.

"ಇನ್ನೇನ್ ಮಾಡದವ್ವ? ಮೊದ್ಲು ಅವ್ಳೇ ಆರಿಸ್ತಿದ್ಲು. ಕಂಪ್ನೀಲಿ ಕಣ್ಣು ಸರಿಯಿಲ್ಲ ಅಂದ್ಬುಟ್ರು. ಅದುಕ್ಕೇ ನಾನೇ ಬ್ಯಾಡ ಅಂದೆ."

ಅವರು ಕೊಟ್ಟಿದ್ದ ನೀರಿನ ಲೋಟ ಹಿಡಿದುಕೊಂಡೇ ನಿಂತೆ. "ಆ ಕಂಪನಿಯಿಂದಲೇ ಬಂದಿದ್ದೇನೆ. ಅವಳ ಕಣ್ಣು ಚೆನ್ನಾಗಿದೆ. ಅವತ್ತು ಆ ಯಂತ್ರ ತಪ್ಪು ತೋರಿಸಿತ್ತು." ಯಂತ್ರ ಎಂದೆ. 'ನಾನು' ಎನ್ನಲು ಬಾಯಿ ಬರಲಿಲ್ಲ.

ಮಗಳು ಪೊರಕೆ ಬಿಟ್ಟು ಒಳಗೆ ಬಂದಳು. "ನಾನ್ ಅವತ್ತೇ ಹೇಳ್ನಿಲ್ವೇನವ್ವಾ?" ಎಂದು ತಾಯಿಯನ್ನು ಕೇಳಿ, ತಟ್ಟೆಯ ಪಕ್ಕ ಕೂತು ಹುಳು ಆರಿಸತೊಡಗಿದಳು. ಆ ಬೆರಳುಗಳ ಚುರುಕು ನೋಡಿ ನನಗೆ ಇನ್ನಷ್ಟು ನಾಚಿಕೆಯಾಯಿತು.

ಮುಂದಿನ ಸಲ ಜನ ಬೇಕಾದಾಗ ಮೊದಲ ಪತ್ರ ಅವಳಿಗೇ ಹಾಕಿಸಿದೆ. ಬಂದಳು, ಸೇರಿದಳು. ಪರದೆಯ ತೊಂದರೆಯನ್ನು ಅಷ್ಟರಲ್ಲಿ ಮ್ಯಾನೇಜರಿಗೆ ಹೇಳಿ ಸರಿ ಮಾಡಿಸಿದ್ದೆ. ಅದು ನನಗೆ ಮೊದಲೇ ಗೊತ್ತಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಅವಳಿಗೂ ಹೇಳಲಿಲ್ಲ. ಯಂತ್ರ ಕೆಟ್ಟಿತ್ತೆಂದೇ ನಂಬಿದ್ದ ಅವಳು ಕ್ಯಾಂಟೀನಿನಲ್ಲಿ ಜೊತೆಯವರಿಗೆ ನನ್ನನ್ನು ತೋರಿಸಿ, "ನಮ್ಮೂರ್ಗಂಟ ಬಂದು ಕರ್ದೋರು ಇವ್ರೇ ಕಣ್ರೇ," ಎನ್ನುತ್ತಿದ್ದಳು. ನಾನು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದೆ.