ಜಪಾನಿನ ಅಂಗಿ ಬಿಚ್ಚಿ ಹೊಲಿದ ಅಕ್ಕೋರು

ಮೊನ್ನೆ ಬೀದರದಲ್ಲಿ ನನ್ನ ಹೊಲಿಗೆ ಅಂಗಡಿಯ ಪಕ್ಕದ ಇಸ್ತ್ರಿಯವನು, ಗಂಜಿ ಹಾಕಿದ ನೂಲಿನ ಸೀರೆಗೆ ನೀರು ಚಿಮುಕಿಸಿ ಕಾದ ಪೆಟ್ಟಿಗೆ ಎಳೆದ. ಆ ವಾಸನೆ ಬಂದದ್ದೇ ತಡ, ಭಾಲ್ಕಿಯ ನಮ್ಮ ಹೊಲಿಗೆ ಅಕ್ಕೋರು ನೆನಪಾದರು. ಅವರ ಸೀರೆಗಳಿಗೆಲ್ಲ ಅದೇ ಘಮ ಇರುತ್ತಿತ್ತು...

ಅಕ್ಕೋರು ಔರಾದ ಕಡೆಯ ಬೌದ್ಧ ಮನೆತನದವರು. ಭಾಲ್ಕಿಯಲ್ಲಿ ಬಾಡಿಗೆ ಮನೆಯ ಪಡಸಾಲೆಯಲ್ಲಿ ಆರು ಮಷೀನು ಇಟ್ಟುಕೊಂಡು ನಮ್ಮಂಥ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು.

ಒಂದು ಮಧ್ಯಾಹ್ನ ಅವರ ತಮ್ಮ, ಊರಿನ ಬುದ್ಧವಿಹಾರಕ್ಕೆ ಬಂದಿದ್ದ ಜಪಾನಿನ ಹೆಂಗಸೊಬ್ಬರನ್ನು ಕರೆತಂದ. ಅವರ ಕೈಚೀಲದಲ್ಲಿ ತೀರಿಹೋದ ತಾಯಿಯ ರೇಷ್ಮೆ ಕಿಮೊನೊ ಇತ್ತು. ಎರಡೂ ತೋಳಿನ ಅಂಚು ಪಿಂಜಿಹೋಗಿತ್ತು.

ಅಕ್ಕೋರು ಹೊಲಿಗೆಯ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ಕುಳಿತರು. ಆಮೇಲೆ ಬ್ಲೇಡು ತಗೊಂಡರು. ನಾನು ತಡೆದೆ.

"ಬ್ಯಾಡ್ರಿ ಅಕ್ಕೋರಿ, ಸತ್ತ ತಾಯಿದದ. ಕೆಟ್ರ ಏನ್ ಮಾಡ್ತೀರಿ?"

"ಬಿಚ್ಚಲಾರ್ದ ಹ್ಯಾಂಗ ತಿಳೀತದವ್ವಾ?" ಎಂದು ಅವರು ಅತಿಥಿಯ ಮುಖ ನೋಡಿದರು. ಆಕೆ ತಲೆಯಾಡಿಸಿದರು.

ಬಿಚ್ಚಿ ನೆಲದ ಮೇಲೆ ಹಾಸಿದಾಗ ನಾವೆಲ್ಲ ಬೆರಗಾದೆವು. ಕಂಕುಳಿಗೂ ಕೊರಳಿಗೂ ಗುಂಡಗೆ ಕತ್ತರಿಸಿದ್ದೇ ಇಲ್ಲ. ಒಂದೇ ತಾನು ಬಟ್ಟೆಯಿಂದ ನೇರವಾಗಿ ಕತ್ತರಿಸಿದ ಪಟ್ಟಿಗಳು, ಚೂರೂ ಪೋಲಾಗಿರಲಿಲ್ಲ.

ಆ ಹೆಂಗಸು ತಮ್ಮ ಹರಕುಮುರುಕು ಹಿಂದಿಯಲ್ಲಿ ಅದರ ಕತೆ ಹೇಳಿದರು. ಬಹಳ ಹಿಂದೆ ಅವರ ದೇಶದ ದೊಡ್ಡ ಮನೆತನದವರು ಚೀನಾದ ಉಡುಪು ನೋಡಿ ಉಡಲು ಕಲಿತರಂತೆ. ಬರಬರುತ್ತ ಅದು ಅವರದೇ ರೀತಿಗೆ ಬಂದು, ಒಂದರ ಮೇಲೊಂದು ಪದರ ಏರಿತಂತೆ. ಎಲ್ಲಕ್ಕಿಂತ ಒಳಗೆ, ತೋಳಿನ ಬಾಯಿ ಸಣ್ಣದಿರುವ 'ಕೊಸೊದೆ' ಎಂಬ ಅಂಗಿ. ದುಡಿಯುವ ಜನ ಅಂಥದ್ದೊಂದನ್ನೇ ಉಡುತ್ತಿದ್ದರು. ಕ್ರಮೇಣ ದೊಡ್ಡವರ ಮೇಲಿನ ಪದರಗಳು ಬಿದ್ದುಹೋಗಿ, ಒಳಗಿನದೇ ಹೊರಗಿನ ಉಡುಪಾಯಿತು. ಕಿಮೊನೊ ಎಂದರೆ ಉಡುವ ವಸ್ತು, ಅಷ್ಟೇ. ಈಗ ಮದುವೆ, ಹಬ್ಬಕ್ಕೆ ಮಾತ್ರ ಉಡುವವರೇ ಹೆಚ್ಚಂತೆ. ತಾಯಿ ಅದನ್ನು ಬಿಚ್ಚಿ, ಒಗೆದು, ಮತ್ತೆ ಹೊಲಿಯುತ್ತಿದ್ದರು. ತಾನು ಮಾತ್ರ ಕಲಿಯಲಿಲ್ಲ ಎಂದು ಆಕೆ ತಲೆ ತಗ್ಗಿಸಿದರು.

"ದುಡಿಯೋರ ಅಂಗಿನೇ ಗೆದ್ದದ ನೋಡ್ರೆ!" ಅಕ್ಕೋರ ಕಣ್ಣು ಅರಳಿದ್ದವು.

ಮೂರು ದಿನ ಕೈಯಲ್ಲೇ ಹೊಲಿದರು. ತೋಳನ್ನು ತಿರುಗಿಸಿ, ಪಿಂಜಿದ ಅಂಚನ್ನು ಭುಜದ ಹೊಲಿಗೆಯೊಳಗೆ ಮುಚ್ಚಿ, ಗಟ್ಟಿ ಅಂಚನ್ನು ಮುಂಗೈಗೆ ತಂದರು. ತಾಯಿಯೂ ಹೀಗೇ ಮಾಡುತ್ತಿದ್ದಳೆಂದು ಆ ಹೆಂಗಸು ಅತ್ತೇಬಿಟ್ಟರು.

ಉಡಿಸುವಾಗ ಅಕ್ಕೋರು ಎಡಭಾಗದ ಮೇಲೆ ಬಲಭಾಗ ಎಳೆದರು. ಆಕೆ ಮೆಲ್ಲಗೆ ಅವರ ಕೈ ಹಿಡಿದರು. ಎಡಭಾಗ ಮೇಲೆ ಬರಬೇಕು, ಅದಲುಬದಲು ಉಡಿಸುವುದು ಹೆಣಕ್ಕೆ ಮಾತ್ರ ಎಂದರು. ನಮಗೆ ತಲೆ ಎತ್ತಲಾಗಲಿಲ್ಲ. ಅಕ್ಕೋರು ಮಾತ್ರ ನಮ್ಮೆಲ್ಲರೆದುರೇ, "ನಂಗ ಗೊತ್ತಿದ್ದಿಲ್ರಿ, ಇನ್ನೊಮ್ಮೆ ತೋರಸ್ರಿ" ಎಂದರು. ಕಲಿಯುವ ಹುಡುಗಿಯಂತೆ ನಿಂತು ಕಲಿತರು. ಅಷ್ಟು ದೊಡ್ಡವರಾಗಿ ಅವರು ನನಗೆ ಬೇರೆ ಯಾವತ್ತೂ ಕಂಡಿರಲಿಲ್ಲ.

ಆಮೇಲೆ ಕಮಲನಗರದ ಅಂಗಡಿಯಿಂದ ನೀಲಿ ನೂಲಿನ ಬಟ್ಟೆ ತಂದು ತಮಗೂ ಒಂದು ಕಿಮೊನೊ ಶುರುಮಾಡಿದರು. ತೋಳು ಹಚ್ಚುವ ಮೊದಲೇ ಕಾಯಿಲೆ ಬಿದ್ದರು. ಅದನ್ನು ನನ್ನ ಕೈಗಿಟ್ಟರು. ನಾನು ಮದುವೆ ಸೀಸನ್ನಿನ ಬ್ಲೌಸುಗಳ ನಡುವೆ ನಾಳೆ, ನಾಡಿದ್ದು ಎನ್ನುತ್ತ ಮುಂದೆ ಹಾಕುತ್ತಲೇ ಹೋದೆ.

ಬೀದರದ ಆಸ್ಪತ್ರೆಗೆ ನೋಡಲು ಹೋದಾಗ ಮೊದಲು ಕೇಳಿದ್ದೇ ಅದು. "ತೋಳು ಹಚ್ಚಿದೇನು?"

"ಹಚ್ಚೀನ್ರಿ ಅಕ್ಕೋರಿ."

"ಕೈಲೇ ಹೊಲ್ದಿ ಹೌದಿಲ್ಲ?"

ಹೂಂ ಎಂದೆ. ಅವರು ಸಮಾಧಾನದಿಂದ ದಿಂಬಿಗೆ ತಲೆ ಆನಿಸಿದರು. ಮರುವಾರ ತೀರಿಕೊಂಡರು.

ಮಣ್ಣು ಮಾಡಿ ಬಂದ ದಿನವೇ ಸೂಜಿ ಹಿಡಿದೆ. ಕೈಯಲ್ಲೇ ಹೊಲಿದು ಮುಗಿಸಿದೆ. ಈಗ ನನ್ನ ಅಂಗಡಿಗೆ ಕಲಿಯಲು ಬರುವ ಹುಡುಗಿಯರಿಗೆ ಅದನ್ನು ಹಾಸಿ ತೋರಿಸುತ್ತೇನೆ, ಕತೆ ಹೇಳುತ್ತೇನೆ. ಒಮ್ಮೆ ಹಾಕಿಕೊಳ್ಳಲೇ ಎಂದು ಅವರು ಕೇಳುತ್ತಾರೆ. ಬೇಡ ಎನ್ನುತ್ತೇನೆ. ಅದು ಅಕ್ಕೋರ ಅಳತೆಯದು. ಇವತ್ತಿನತನಕ ಅದನ್ನು ಯಾರೂ ಉಟ್ಟಿಲ್ಲ.