ತಾಳಿಯಿಲ್ಲದ ಗಟ್ಟಿಮೇಳ

ಇವತ್ತು ಬೆಳಿಗ್ಗೆ ಬೇರಿಕೆ ರಸ್ತೆಯ ನಮ್ಮೂರ ಸ್ಟಾಪಿನಲ್ಲಿ ಹೊಸೂರು ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಪಕ್ಕದಲ್ಲಿ ಅಪ್ಪ. ಅವನ ಕನ್ನಡಕದ ಕಡ್ಡಿ ಮುರಿದಿತ್ತು. ನಾನು ಫ್ಯಾಕ್ಟರಿಗೆ ಹೋಗುವ ದಾರಿಯಲ್ಲಿ ಅವನನ್ನು ಕನ್ನಡಕದ ಅಂಗಡಿಗೆ ಬಿಡುವುದೆಂದು ಮಾತಾಗಿತ್ತು. ತಿರುವಿನಲ್ಲಿ ಬಸ್ಸಿನ ಮೂತಿ ಕಂಡಿತು. ಅಪ್ಪ ಬಲಗೈ ಎತ್ತಿ ತೋರುಬೆರಳು ಅಲ್ಲಾಡಿಸಿದ. ಅಷ್ಟೇ, ನನ್ನ ಎರಡೂ ಕೈ ತಾವಾಗಿಯೇ ಹೋಗಿ ಬುತ್ತಿ ಡಬ್ಬಿಯ ಮೇಲೆ ಕೂತವು.

ನಿಮಗಿದು ವಿಚಿತ್ರ ಅನ್ನಿಸಬಹುದು. ಓಲಗದವರ ಮನೆಯಲ್ಲಿ ಹುಟ್ಟಿದ್ದರೆ ಅನ್ನಿಸುತ್ತಿರಲಿಲ್ಲ. ಆ ತಿರುವಿನಲ್ಲಿ ರಸ್ತೆ ಕೆಟ್ಟಿದೆ, ನಮ್ಮ ಬಸ್ಸು ಅಲ್ಲಿ ಬಸುರಿ ಹೆಂಗಸಿನ ಹಾಗೆ ನಿಧಾನ ಮಾಡುತ್ತದೆ. ಅದು ಬರುವಷ್ಟರಲ್ಲಿ ಹೇಳಿಬಿಡುತ್ತೇನೆ.

ಅಪ್ಪ ನಾಗಸ್ವರದವನು. ಈ ಸುತ್ತಿನ ಎಷ್ಟೋ ಮದುವೆಗಳಲ್ಲಿ ಊದಿದವನು. ತಮ್ಮ ಮುನಿರಾಜ ಮೀಸೆ ಮೂಡುವ ಮೊದಲೇ ಡೋಲಿಗೆ ಕೂತ. ಅವನ ಕೆಳಗಿನ ಗೋಪಿಗೆ ತಾಳ. ನಾನು ಹಿರಿಯವನು, ಆದರೆ ನನ್ನ ಕೈಗೆ ಲಯವೆಂಬುದು ಒಲಿದೇ ಇಲ್ಲ. ಡೋಲು ಕೊಟ್ಟು ನೋಡಿದರು, ತಾಳ ಕೊಟ್ಟು ನೋಡಿದರು, ಕಡೆಗೆ ಶ್ರುತಿ ಪೆಟ್ಟಿಗೆ ಕೊಟ್ಟು ಮೂಲೆಯಲ್ಲಿ ಕೂರಿಸಿದರು. ಒಂದೇ ಸ್ವರ, ಅದೂ ಪೆಟ್ಟಿಗೆಯದು, ನನ್ನದು ಬರೀ ಗಾಳಿ ಹಾಕುವ ಕೆಲಸ. ಅದರಲ್ಲೂ ನಾನು ತೂಕಡಿಸಿ ಶ್ರುತಿ ನಿಂತುಹೋಗಿ, ಅಪ್ಪ ಊದುತ್ತಲೇ ಮೊಣಕಾಲಿನಿಂದ ನನ್ನನ್ನು ತಿವಿದದ್ದುಂಟು. ತಂಗಿ ಮಂಜುಳಳಿಗೆ ಮಾತ್ರ ಏನೂ ಕೊಡಲಿಲ್ಲ. ಹೆಣ್ಣುಮಕ್ಕಳು ಮೇಳದ ಜೊತೆ ಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಪ್ಪ ಜಗುಲಿಯಲ್ಲಿ ಅಭ್ಯಾಸ ಮಾಡುವಾಗ ಅವಳು ಒಳಗೆ ಪಾತ್ರೆ ತೊಳೆಯುತ್ತಾ ನಾಗಸ್ವರದ ಒಂದೊಂದು ಸ್ವರಸಾಲನ್ನೂ ಬಾಯಲ್ಲಿ ತೆಗೆಯುತ್ತಿದ್ದಳು. ಅಪ್ಪ ಕೇಳಿಸದವನಂತೆ ಇರುತ್ತಿದ್ದ. ಆದರೆ ಅವಳು ತಪ್ಪಿದ ಕಡೆ ಅದೇ ಸಾಲನ್ನು ಇನ್ನೊಮ್ಮೆ ಊದುತ್ತಿದ್ದ.

ಮೇಳಕ್ಕೆ ಬಂದ ಮೊದಲ ದಿನವೇ ಅಪ್ಪ ನಮಗೆ ಕಲಿಸಿದ್ದು ರಾಗವನ್ನಲ್ಲ, ಗಟ್ಟಿಮೇಳವನ್ನು. ನೀವು ಮದುವೆಗಳಲ್ಲಿ ನೋಡಿಯೇ ಇರುತ್ತೀರಿ. ತಾಳಿ ಕಟ್ಟುವ ಗಳಿಗೆಗೆ ಪುರೋಹಿತರು ಕೈ ಎತ್ತಿ ಬೆರಳು ಅಲ್ಲಾಡಿಸುತ್ತಾರೆ. ಆಗ ಯಾವ ಹಾಡಿನ ನಡುವಿನಲ್ಲಿದ್ದರೂ ಬಿಟ್ಟು, ಡೋಲು ನಾಗಸ್ವರ ಎರಡೂ ಒಟ್ಟಿಗೆ ಬೊಬ್ಬೆ ಹೊಡೆಯಬೇಕು. ಆ ಗಳಿಗೆಯಲ್ಲಿ ಯಾರೋ ಸೀನಿದ್ದು, ಯಾರೋ ಆಡಿದ ಕೆಟ್ಟ ಮಾತು ಹುಡುಗ ಹುಡುಗಿಯ ಕಿವಿಗೆ ಬೀಳಬಾರದು, ಅದಕ್ಕೆ.

"ಕಣ್ಣು ಅಯ್ನೋರ ಬೆರಳ ಮ್ಯಾಗಿರ್ಲಿ ಕಣ್ರಲಾ" ಅನ್ನುತ್ತಿದ್ದ ಅಪ್ಪ. "ಬೆರಳು ಎದ್ದೇಟ್ಗೆ ಬಾರ್ಸಿ. ಯೋಚ್ನೆ ಮಾಡ್ಕಂಡು ಕುಂತ್ರೆ ಯಾರಾನ ಸೀನ್ಬುಡ್ತಾರೆ."

ತಮ್ಮಂದಿರು ಯೋಚನೆ ಬಿಟ್ಟೇಬಿಟ್ಟರು. ಊಟಕ್ಕೆ ಕೂತಾಗ ನಾನು ಚೇಷ್ಟೆಗೆ ಬೆರಳೆತ್ತಿ ಅಲ್ಲಾಡಿಸಿದರೆ ಮುನಿರಾಜ ತಟ್ಟೆಯನ್ನು ಬಡಿದೇ ಬಿಡುತ್ತಿದ್ದ. ಅವನಿಗೆ ಅಮ್ಮನಿಂದ ತೆಲುಗಿನಲ್ಲಿ ಬೈಗುಳ ಸಿಗುತ್ತಿತ್ತು. ಅಮ್ಮ ರಾಯಕೋಟೆ ಕಡೆಯವಳು, ಸಿಟ್ಟು ಬಂದರೆ ತವರಿನ ಭಾಷೆಗೆ ಹೋಗಿಬಿಡುತ್ತಾಳೆ. ಮನೆಯಲ್ಲಿ ಕನ್ನಡ, ಸಿಟ್ಟಿನಲ್ಲಿ ತೆಲುಗು, ಸ್ಕೂಲಿನಲ್ಲಿ ತಮಿಳು. ಮುಂದೆ ತಮ್ಮಂದಿರು, ತಂಗಿ ಸೇರಿ ಕಟ್ಟಿದ ಹಾಡುಗಳಲ್ಲಿ ಮೂರೂ ಭಾಷೆ ಬೆರೆತು ಬಂದಾಗ ಜನ ಅದನ್ನೊಂದು ಹೊಸ ಪ್ರಯೋಗವೆಂದು ಹೊಗಳಿದರು. ನಮ್ಮ ಮನೆಯಲ್ಲಿ ಕುಡಿಯಲು ನೀರು ಕೇಳುವುದೂ ಹಾಗೆಯೇ.

ನಡುವೆ ಅಪ್ಪನ ಎದೆ ಕೆಟ್ಟಿತು. ಗುಣವಾದ, ಆದರೆ ನಾಗಸ್ವರಕ್ಕೆ ಬೇಕಾದ ಉಸಿರು ವಾಪಸು ಬರಲಿಲ್ಲ. ಒಂದು ದಿನ ವಾದ್ಯವನ್ನು ಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ನಾನಂತೂ ಆಗಲೇ ಹೊಸೂರಿನ ಫ್ಯಾಕ್ಟರಿ ಸೇರಿ ಶಿಫ್ಟಿನ ಸೈರನ್ನಿಗೆ ಕಿವಿ ಕೊಟ್ಟಿದ್ದೆ. ತಮ್ಮಂದಿರು ಸುಮ್ಮನೆ ಕೂರುವವರಲ್ಲ. ಊರಿಗೆ ಹೊರಟಿದ್ದ ಹಾಸ್ಟೆಲ್ ಹುಡುಗನೊಬ್ಬನಿಂದ ಗೋಪಿ ಗಿಟಾರ್ ತಂದ. ಮುನಿರಾಜ ಎಲ್ಲಿಂದಲೋ ಹಳೇ ಡ್ರಮ್ ಸೆಟ್ ತಂದು, ಟೊಮೇಟೊ ಕ್ರೇಟು ಪೇರಿಸುವ ಶೆಡ್ಡಿನಲ್ಲಿ ಜೋಡಿಸಿದ. ಮಂಜುಳಳನ್ನು ಹಾಡಲು ಮುಂದೆ ನಿಲ್ಲಿಸಿದರು. ಈ ಸಲ ಬೇಡ ಅನ್ನುವ ಪದ್ಧತಿ ಯಾವುದೂ ಇರಲಿಲ್ಲ, ಯಾಕೆಂದರೆ ರಾಕ್ ಬ್ಯಾಂಡಿನ ಪದ್ಧತಿ ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಪ್ಪ ಶೆಡ್ಡಿನ ಬಾಗಿಲಲ್ಲಿ ಕೂತು ಕೇಳುತ್ತಿದ್ದ.

"ಕರೆಂಟ್ ಹೋದ್ರೆ ಏನ್ಲಾ ಮಾಡ್ತೀಯ?" ಅಂದ ಒಮ್ಮೆ ಗೋಪಿಗೆ.

"ನಿಲ್ಸೋದು, ಅಪ್ಪ."

"ಊಂ. ನಮ್ದು ಉಸ್ರು ಹೋದ್ರೆ ನಿಲ್ಸೋದಾಗಿತ್ತು" ಅಂದು ಎದ್ದು ದನಕ್ಕೆ ಹುಲ್ಲು ಹಾಕಲು ಹೋದ. ಮರುದಿನ ಮತ್ತೆ ಬಂದು ಕೂತ.

ಬ್ಯಾಂಡಿಗೆ 'ಬೇರಿಕೆ ರೋಡ್' ಎಂದು ಹೆಸರಿಟ್ಟರು. ಮೊದಲ ಕಾರ್ಯಕ್ರಮ ಹೊಸೂರಿನ ಒಂದು ಕಾಲೇಜಿನಲ್ಲಿ. ನಾನು ರಜೆ ಹಾಕಿ ಹೋಗಿದ್ದೆ. ಎರಡು ಹಾಡು ಚೆನ್ನಾಗಿಯೇ ಆದವು. ಮೂರನೆಯದು ಅರ್ಧಕ್ಕೆ ಬಂದಿತ್ತು, ಮುಂದಿನ ಸಾಲಿನ ಹುಡುಗನೊಬ್ಬ ಖುಷಿ ತಡೆಯದೆ ಎದ್ದು ನಿಂತು, ಬಲಗೈ ಮೇಲೆತ್ತಿ, ತೋರುಬೆರಳು ಅಲ್ಲಾಡಿಸಿದ.

ಆಗಿದ್ದನ್ನು ಏನೆಂದು ಹೇಳಲಿ! ಮುನಿರಾಜ ಹಾಡನ್ನು ಅಲ್ಲೇ ಬಿಸಾಕಿ ಗಟ್ಟಿಮೇಳಕ್ಕೆ ಬಿದ್ದ. ಗೋಪಿಯ ಗಿಟಾರ್ ಅವನ ಹಿಂದೆಯೇ ಓಡಿತು. ಮಂಜುಳ ಬಾಯಲ್ಲಿದ್ದ ಮಾತು ನುಂಗಿ, ಅಪ್ಪನ ನಾಗಸ್ವರದ ಮೇಲಿನ ಸ್ವರಕ್ಕೆ ಗಂಟಲು ಹಾರಿಸಿದಳು. ನಾನು ಕುರ್ಚಿಯಲ್ಲಿ ಕೂತು ತಾಳಿ ಎಲ್ಲಿ ಕಟ್ಟುತ್ತಿದ್ದಾರೆಂದು ತಿರುಗಿ ನೋಡಿದೆ, ನಗಬೇಡಿ. ಸಭೆ ಒಂದು ಗಳಿಗೆ ಬೆಪ್ಪಾಯಿತು, ಆಮೇಲೆ ಹುಚ್ಚೆದ್ದಿತು. ಎಲ್ಲರೂ ಕೈ ಎತ್ತಿದರು. ಒಂದು ಬೆರಳಿಗೆ ಬಾರಿಸಲು ಕಲಿತವರ ಎದುರು ಇಡೀ ಮೈದಾನ ಬೆರಳೆತ್ತಿ ನಿಂತರೆ ನಿಲ್ಲಿಸುವುದಾದರೂ ಹೇಗೆ? ಕೈ ಸೋಲುವವರೆಗೆ ಬಾರಿಸಿದರು.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಹಂಚಿದರು. ಅಲ್ಲಿಂದ ಬೆಂಗಳೂರು, ಕೊಯಮತ್ತೂರು, ಮದ್ರಾಸು ಎಲ್ಲ ಕಡೆಯಿಂದ ಕರೆ ಬಂತು. ಹೊಸೂರು ಬಸ್ ಸ್ಟಾಂಡಿನ ಗೋಡೆಯಲ್ಲಿ ನನ್ನ ತಂಗಿಯ ಮುಖ ಅಂಟಿತು. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು ನನಗೆ ಟೀ ಕೊಡಿಸಿ, "ನೀವೂ ಬ್ಯಾಂಡಲ್ಲಿ ಇದ್ರಾ?" ಅಂದರು. ನಾನು ಶ್ರುತಿಯಲ್ಲಿದ್ದೆ ಅಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲು ಹೋಗಲಿಲ್ಲ.

ಆ ವಿಡಿಯೊ ಅಪ್ಪನಿಗೂ ತಲುಪಿತು. ಪೂರ್ತಿ ನೋಡಿ, ಫೋನು ವಾಪಸು ಕೊಟ್ಟು, ಮುನಿರಾಜನನ್ನು ಕೇಳಿದ: "ತಾಳಿ ಎಲ್ಲೈತ್ಲಾ?"

ಮುನಿರಾಜ ತಲೆ ಕೆರೆದುಕೊಂಡ. "ಇಲ್ಲ ಅಪ್ಪ. ಕೈಯೆತ್ತುದ್ರು, ಬಾರಿಸ್ಬುಟ್ಟೆ."

"ತಾಳಿ ಇಲ್ದಿರೋ ಕಡೆ ಗಟ್ಟಿಮೇಳ ಬಾರ್ಸಿದೋರು ನಮ್ಮ ವಂಶದಾಗೆ ಯಾರೂ ಇಲ್ಲ. ಅದು ಕುಣಿಯಾಕೆ ಇರೋದಲ್ಲ, ಕಾಯಾಕೆ ಇರೋದು."

ನೋಡಿ, ಮಗಳು ಪ್ಯಾಂಟು ಹಾಕಿ ಸ್ಟೇಜು ಹತ್ತಿದ್ದಕ್ಕೆ ಅವನು ಏನೂ ಅನ್ನಲಿಲ್ಲ. ಗೋಪಿ ಬಿಟ್ಟ ಉದ್ದ ಕೂದಲಿಗೂ ಏನೂ ಅನ್ನಲಿಲ್ಲ. ಇದೊಂದನ್ನು ಮಾತ್ರ ನುಂಗಿಕೊಳ್ಳಲಾಗಲಿಲ್ಲ. ಅಂದಿನಿಂದ ಶೆಡ್ಡಿನ ಬಾಗಿಲಿಗೆ ಬರುವುದನ್ನು ಬಿಟ್ಟ. ಜೊತೆಗೆ ಊಟ ಮಾಡುತ್ತಿದ್ದ, ನಗುತ್ತಿದ್ದ, ಡ್ರಮ್ಮಿನ ಸದ್ದು ಎದ್ದ ಕೂಡಲೇ ತೋಟಕ್ಕೆ ನಡೆಯುತ್ತಿದ್ದ. ಎಷ್ಟು ಊರಿನವರು ಕರೆದರೂ ಒಂದು ಕಾರ್ಯಕ್ರಮಕ್ಕೂ ಹೋಗಲಿಲ್ಲ. ತಮ್ಮಂದಿರು ಬೇಸರವನ್ನು ನಗೆಯಲ್ಲಿ ಮರೆಸುತ್ತಿದ್ದರು. ಮಂಜುಳಳಿಗೆ ಅದು ಸಾಧ್ಯವಾಗಲಿಲ್ಲ. ಅವಳ ಗಂಟಲಲ್ಲಿದ್ದದ್ದೆಲ್ಲ ಅಪ್ಪನದು. ಅದನ್ನು ಸಾವಿರಾರು ಜನ ಕೇಳುತ್ತಿದ್ದರು, ಅವನೊಬ್ಬ ಸಭೆಯಲ್ಲಿ ಕೂತು ಕೇಳಿರಲಿಲ್ಲ.

"ಒಂದ್ಸಲ ಮುಂದೆ ಕುಂತು ಕೇಳ್ಲಿ ಸಾಕು ಅಣ್ಣ. ಆಮ್ಯಾಕೆ ಎಷ್ಟಾನ ಬೈಲಿ" ಅಂದಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು.

ಕೃಷ್ಣಗಿರಿಯಲ್ಲಿ ಕಾರ್ಯಕ್ರಮ ಗೊತ್ತಾದಾಗ ನಾನೇ ಅಪ್ಪನ ಹಿಂದೆ ಬಿದ್ದೆ. ಕಾಡಿ ಬೇಡಿ ಒಪ್ಪಿಸಿದೆ. ಒಂದು ಷರತ್ತು ಹಾಕಿದ: ಗಟ್ಟಿಮೇಳ ಇರಕೂಡದು. ಮೂವರೂ ಅವನ ಮುಂದೆ ನಿಂತು ಆಗಲಿ ಅಂದರು. ಜನ ಬರುವುದೇ ಅದಕ್ಕೆ ಎಂದು ಅವರಿಗೆ ಗೊತ್ತಿತ್ತು, ಆದರೂ ಅಂದರು.

ಸಂಜೆ ಮೈದಾನದ ಮುಂದಿನ ಸಾಲಿನಲ್ಲಿ ಅಪ್ಪ ಹೆಗಲ ಟವೆಲು ಸರಿಮಾಡಿಕೊಂಡು ಕೂತ. ಹಾಡು ಶುರುವಾಯಿತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ಬಾಗಿ, "ಶ್ರುತಿ ಯಾರ್ಲಾ ಹಿಡ್ದಿರೋದು?" ಅಂದ.

"ಮೆಷಿನ್ನು ಅಪ್ಪ."

"ನಿನ್ ಕೆಲ್ಸಾನೂ ಹೋಯ್ತು ಬುಡು. ಅದು ತೂಕಡ್ಸಾಕಿಲ್ಲ."

ಜನ ಬೆರಳೆತ್ತಲು ಶುರು ಮಾಡಿದರು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಮೈದಾನದ ತುಂಬ. ಗೋಪಿ ನೆಲ ನೋಡಿಕೊಂಡು ನುಡಿಸಿದ. ಮುನಿರಾಜ ಅಪ್ಪನೊಬ್ಬನನ್ನೇ ನೋಡುತ್ತಾ ಬಾರಿಸಿದ, ಬೇರೆ ಕಡೆ ನೋಡಿದರೆ ಕೈ ಮಾತು ಕೇಳುವುದಿಲ್ಲವೆಂದು. ಮಂಜುಳ ಒಂದು ನಿಧಾನದ ಹಾಡು ಎತ್ತಿಕೊಂಡಳು. ಪಾತ್ರೆ ತೊಳೆಯುತ್ತಾ ಕಲಿತ ಸಾಲೊಂದು ಅದರಲ್ಲಿ ಬಂತು. ಅಪ್ಪನ ಬೆರಳುಗಳು ತೊಡೆಯ ಮೇಲೆ, ಅಟ್ಟದಲ್ಲಿರುವ ನಾಗಸ್ವರದ ರಂಧ್ರಗಳನ್ನು ಮುಚ್ಚಿ ತೆರೆಯುವುದನ್ನು ನೋಡಿದೆ. ನಾನು ನೋಡಿದೆನೆಂದು ತಿಳಿದು ಅವನು ಕೈಯನ್ನು ಟವೆಲಿನ ಕೆಳಗೆ ಸೇರಿಸಿದ.

ಜನಕ್ಕೆ ಬೇಸರ ಹತ್ತಿತು. ಕೂಗು, ಸಿಳ್ಳೆ. ನಮ್ಮ ಹಿಂದಿನಿಂದ ಒಬ್ಬ ಎದ್ದು, ಮಂಜುಳಳ ಹೆಸರು ಹಿಡಿದು ಒಂದು ಮಾತು ಶುರು ಮಾಡಿದ. ಅದು ಹೆಣ್ಣುಮಗಳಿಗೆ ಆಡುವ ಮಾತಲ್ಲ, ಇಲ್ಲಿ ಬರೆಯುವುದಿಲ್ಲ. ಮೊದಲ ಪದ ಅವನ ಬಾಯಿಂದ ಬಿದ್ದದ್ದಷ್ಟೇ. ಅಪ್ಪ ತಿರುಗಿ ನೋಡಲಿಲ್ಲ, ಯೋಚನೆಯನ್ನೂ ಮಾಡಲಿಲ್ಲ. ಬಲಗೈ ಟವೆಲಿನಡಿಯಿಂದ ಮೇಲೆದ್ದಿತು, ತೋರುಬೆರಳು ಅಲ್ಲಾಡಿತು.

ಮುನಿರಾಜ ಕಾದೇ ಕೂತಿದ್ದನೇನೋ. ಅಂಥ ಗಟ್ಟಿಮೇಳವನ್ನು ನಾನು ಯಾವ ಮದುವೆಯಲ್ಲೂ ಕೇಳಿಲ್ಲ. ಆ ಮನುಷ್ಯನ ಬಾಯಿ ಇನ್ನೂ ಆಡುತ್ತಿತ್ತು, ಉಳಿದ ಮಾತು ಅವನ ಪಕ್ಕದವನಿಗೂ ಮುಟ್ಟಲಿಲ್ಲ. ಅಪ್ಪ ಕೈ ಇಳಿಸುವವರೆಗೆ ಬಾರಿಸುವುದು ನಿಲ್ಲಲಿಲ್ಲ. ನಾನು ಅತ್ತೆ. ಅಳುವುದಕ್ಕೆ ಲಯ ಬೇಕಾಗಿಲ್ಲ ನೋಡಿ.

ಕಾರ್ಯಕ್ರಮ ಮುಗಿದ ಮೇಲೆ ಆ ಮಾತಿನಿಂದ ನೊಂದಿಯಾ ಎಂದು ತಂಗಿಯನ್ನು ಕೇಳಿದೆ. "ಯಾವ ಮಾತು ಅಣ್ಣ?" ಅಂದಳು. ಅವಳು ಅಪ್ಪನ ಬೆರಳನ್ನು ಮಾತ್ರ ನೋಡಿದ್ದಳು. ಅಪ್ಪ ಅವಳ ತಲೆ ಸವರಿ, "ಎರಡ್ನೇ ಸಾಲು ಇನ್ನೂ ವಸಿ ಎಳೀಬೇಕು ಕಣಮ್ಮಿ. ನಾಳೀಕೆ ಶೆಡ್ಡಿಗೆ ಬತ್ತೀನಿ" ಅಂದ.

ವಾಪಸು ಬರುವಾಗ ವ್ಯಾನಿನಲ್ಲಿ ನಾನು ಕೆಣಕಿದೆ: "ತಾಳಿ ಎಲ್ಲಿತ್ತು ಅಪ್ಪ?"

ಅಪ್ಪ ಕಿಟಕಿಯ ಗಾಜು ಏರಿಸಿದ. "ತಾಳಿ ಇರ್ಲಿಲ್ಲ. ಕೂಸು ಇತ್ತಲ್ಲಲಾ" ಅಂದ.

ಅಷ್ಟರಲ್ಲಿ, ಇದೋ, ಬಸ್ಸು ಬಂತು. ಬಂತು ಅನ್ನುವುದಕ್ಕಿಂತ ಹೋಯಿತು ಅನ್ನಬೇಕು. ಬಾಗಿಲವರೆಗೂ ಜನ, ಡ್ರೈವರು ನಮ್ಮತ್ತ ನೋಡದೆ ಹೊಡೆದುಕೊಂಡು ಹೋದ. ಎತ್ತಿದ ಅಪ್ಪನ ಕೈ ಹಾಗೇ ಮೇಲೆ ಉಳಿಯಿತು. ನಮ್ಮ ಜೊತೆ ಕಾಯುತ್ತಿದ್ದ ಹೂವಿನ ವ್ಯಾಪಾರದವನು ಬುಟ್ಟಿ ಕೆಳಗಿಟ್ಟು, ಡ್ರೈವರನ ತಾಯಿಯಿಂದ ಹಿಡಿದು ಮೂರು ಭಾಷೆಯಲ್ಲಿ ಬೈಯಲು ಬಾಯಿ ತೆರೆದ. ಪಕ್ಕದಲ್ಲಿ ಸ್ಕೂಲಿಗೆ ಹೊರಟ ಇಬ್ಬರು ಹೆಣ್ಣುಮಕ್ಕಳು ನಿಂತಿದ್ದರು.

ಅಪ್ಪ ಕೈ ಇಳಿಸಲಿಲ್ಲ. ನನ್ನ ಕಡೆ ತಿರುಗಿ ಬೆರಳು ಅಲ್ಲಾಡಿಸಿದ.

ಇಷ್ಟು ವರ್ಷದಲ್ಲಿ ಆ ಬೆರಳು ನನಗೆಂದು ಎದ್ದದ್ದು ಇದೇ ಮೊದಲು. ಡಬ್ಬಿಯ ಮೇಲಿದ್ದ ಕೈಗಳನ್ನು ಬಡಿಯಲು ಬಿಟ್ಟೆ. ಒಳಗಿನ ಚಿತ್ರಾನ್ನ ಏನಾಯಿತೋ ದೇವರೇ ಬಲ್ಲ. ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು. ಹೂವಿನವನು ಬೈಗುಳ ಮರೆತು ನನ್ನನ್ನೇ ನೋಡುತ್ತಾ ನಿಂತ.

ಅಪ್ಪ ನಿಧಾನವಾಗಿ ಕೈ ಇಳಿಸಿದ. "ತಾಳ ಇನ್ನೂ ತಪ್ತೈತೆ" ಅಂದ. ಆಮೇಲೆ ಮುರಿದ ಕನ್ನಡಕವನ್ನು ತೆಗೆದು, ಟವೆಲಿನಿಂದ ಕಣ್ಣೊರೆಸಿಕೊಂಡು, "ಬಾರ್ಸು, ಮುಂದಿನ ಬಸ್ ಬರಗಂಟ ಬಾರ್ಸು" ಅಂದ.